ಹಳೇ ಆರ್ಕೇಡ್ ಮಷೀನಿನ 5 ವೋಲ್ಟ್ ತೊಂದರೆ: ಮಂಜಣ್ಣನವರನ್ನು ಕೇಳಿ

ಪ್ರಸನ್ನ, ಸ್ಯಾನ್ ಹೋಸೆ: ಮಂಜಣ್ಣ, ನಮಸ್ಕಾರ. 1979ರ ಅಟಾರಿ ಆಸ್ಟರಾಯ್ಡ್ಸ್, ಆಡ್ತಾ ಆಡ್ತಾ ರೀಸೆಟ್ ಆಗತ್ತೆ. ಗೇಮ್‌ಗೆ 5 ವೋಲ್ಟ್ ಕೊಡೋ ಎಆರ್-2 ರೆಗ್ಯುಲೇಟರ್ ಬೋರ್ಡ್‌ನಲ್ಲಿ 5.74 ವೋಲ್ಟ್, ಗೇಮ್ ಬೋರ್ಡ್‌ನ ಐಸಿ ಕಾಲಲ್ಲಿ 4.97. ಪ್ರಿಸೆಟ್ (ವೋಲ್ಟೇಜ್ ಹೊಂದಿಸೋ ಸ್ಕ್ರೂ) ತಿರುಗಿಸಿ ಎಆರ್‌ನಲ್ಲಿ 5.00 ಮಾಡಿ ಅಂತ ಒಂದು ಫಾರ್ವರ್ಡ್ ಬಂದಿದೆ. ಮಾಡಲಾ?

ಮಂಜುನಾಥ್: ಪ್ರಿಸೆಟ್‌ಗೆ ಕೈ ಹಾಕಬೇಡಿ. ರೆಗ್ಯುಲೇಟರ್ ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಗೇಮ್ ಬೋರ್ಡ್‌ನಿಂದ ಅಲ್ಲಿನ ವೋಲ್ಟೇಜ್ ತಿಳಿಸೋ ಎರಡು ಸೆನ್ಸ್ ವೈರ್ ಎಆರ್‌ಗೆ ವಾಪಸ್ ಬರುತ್ತವೆ, ಪ್ಲಸ್‌ಗೊಂದು, ಗ್ರೌಂಡ್‌ಗೊಂದು. ಬೋರ್ಡ್ ಮೇಲೆ 5 ಉಳಿಸೋಕೆ ಎಆರ್ ತನ್ನ ಔಟ್‌ಪುಟ್ ಏರಿಸಿಕೊಂಡಿದೆ. ಫಾರ್ವರ್ಡ್ ಮಾತು ಕೇಳಿ ಇಳಿಸಿದರೆ ಬೋರ್ಡ್‌ಗೆ ಸಿಗೋದು 4.3ರ ಆಸುಪಾಸು. 74 ಸರಣಿಯ ಐಸಿಗೆ ಕನಿಷ್ಠ 4.75 ಬೇಕು.

ಮಧ್ಯದಲ್ಲಿ 0.77 ವೋಲ್ಟ್ ಎಲ್ಲಿ ಸೋರಿತು ಅಂತ ಹುಡುಕಿ. ಗೇಮ್ ಓಡ್ತಾ ಇರುವಾಗಲೇ ಅಳೀಬೇಕು, ಲೋಡ್ ಇಲ್ಲದೆ ಏನೂ ಕಾಣಲ್ಲ. ಮೀಟರ್ 2 ವೋಲ್ಟ್ ಡಿಸಿ. ಕೆಂಪು ಪ್ರೋಬ್ ಎಆರ್‌ನ +5ಕ್ಕೆ, ಕಪ್ಪು ಗೇಮ್ ಬೋರ್ಡ್‌ನ +5ಕ್ಕೆ. ಆಮೇಲೆ ಹಾಗೇ ಗ್ರೌಂಡ್‌ನಿಂದ ಗ್ರೌಂಡ್‌ಗೆ; ಮೈನಸ್ ಚಿಹ್ನೆ ಬಂದರೆ ಲೆಕ್ಕಕ್ಕೆ ತಗೋಬೇಡಿ. ಎರಡೂ ಕೂಡಿದರೆ 0.77 ಬರಬೇಕು. ಸರಿಯಿರೋ ಹಾರ್ನೆಸ್‌ನಲ್ಲಿ (ವೈರಿನ ಕಟ್ಟು) ಒಂದೊಂದೂ 0.1ರ ಒಳಗಿರುತ್ತೆ.

ಪವರ್ ಆಫ್ ಮಾಡಿ ಎಆರ್ ಮೇಲಿನ ಸೆನ್ಸ್ ರೆಸಿಸ್ಟರ್ ನೋಡಿ. ಕಪ್ಪಾಗಿದ್ದರೆ ಮುಖ್ಯ ಪಿನ್ ಸರಿಯಾಗಿ ಕಚ್ಚದೆ ಕರೆಂಟ್ ಸೆನ್ಸ್ ದಾರಿಗೆ ನುಗ್ಗಿದೆ. ರೆಸಿಸ್ಟರ್ ಮಾತ್ರ ಬದಲಾಯಿಸಿದರೆ ಮತ್ತೆ ಸುಡುತ್ತೆ. ಅಳೆದ ಅಂಕಿ ಇಲ್ಲಿ ಹಾಕಿ.

ಗಿರೀಶ್, ಮೈಸೂರು: ಸರ್, ನಮ್ಮದು ಜಮ್ಮಾ (ಸ್ಟ್ಯಾಂಡರ್ಡ್ ವೈರಿಂಗ್) ಕ್ಯಾಬಿನೆಟ್. 5 ವೋಲ್ಟ್ ಲೈನಲ್ಲಿ ಎಷ್ಟಿರಬೇಕು?

ಮಂಜುನಾಥ್: 4.75ರಿಂದ 5.25. ಎಸ್‌ಎಂಪಿಎಸ್ (ಪವರ್ ಸಪ್ಲೈ) ಸ್ಕ್ರೂ ಮೇಲಲ್ಲ, ಗೇಮ್ ಬೋರ್ಡ್ ಮೇಲೆ ಅಳೆದು.

ಇಕ್ಬಾಲ್: ಪ್ಯಾಕ್-ಮ್ಯಾನ್ ಬೋರ್ಡ್‌ನ 44 ಪಿನ್ ಕನೆಕ್ಟರ್ ಸುಟ್ಟಿದೆ. ಬೆಂಗಳೂರಲ್ಲಿ ಹೊಸದು ಎಲ್ಲಿ ಸಿಗುತ್ತೆ ಮಂಜಣ್ಣ?

ನಾಗೇಶ್: ಫಾರ್ವರ್ಡ್ ಆಗಿ ಬಂದದ್ದು: ಬೋರ್ಡ್ ಅಂಚಿನ ಎಡ್ಜ್ ಕನೆಕ್ಟರ್‌ಗೆ ಡಬ್ಲ್ಯುಡಿ-40 ಎಣ್ಣೆ ಹೊಡೆದು, ಎಮೆರಿ ಪೇಪರ್‌ನಲ್ಲಿ ಉಜ್ಜಿ, ಪ್ರಿಸೆಟ್ 5.5ಕ್ಕೆ ಏರಿಸಿದರೆ ಯಾವ ಮಷೀನಾದರೂ ರೀಸೆಟ್ ಆಗಲ್ಲ. ಎಲ್ಲರಿಗೂ ಶೇರ್ ಮಾಡಿ.

ಮಂಜುನಾಥ್: ಯಾರಿಗೂ ಶೇರ್ ಮಾಡಬೇಡಿ. ಎಮೆರಿ ಪೇಪರ್ ಲೇಪ ಕಿತ್ತು ತಾಮ್ರ ಬಯಲು ಮಾಡುತ್ತೆ. ಆ ಎಣ್ಣೆ ಪದರ ಬಿಟ್ಟು ಧೂಳು ಹಿಡಿಸುತ್ತೆ. 5.5ಕ್ಕೆ ಏರಿಸಿಟ್ಟರೆ, ಸಡಿಲ ಪಿನ್ ಒಮ್ಮೆ ಸರಿಯಾಗಿ ಕಚ್ಚಿದ ಕ್ಷಣ ಬೋರ್ಡ್‌ಗೆ ಪೂರ್ತಿ 5.5 ಹೋಗುತ್ತೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟ್ ಕೂಡ ಜೊತೆಗೇ ಏರುತ್ತೆ. ಪೆನ್ಸಿಲ್ ರಬ್ಬರ್‌ನಲ್ಲಿ ಮೆತ್ತಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಅಷ್ಟೇ.

ಬಸವರಾಜ, ಹುಬ್ಬಳ್ಳಿ: ಪ್ರಸನ್ನ ಅವ್ರ, ಆ ಎಆರ್ ಬೋರ್ಡ್ ಕಿತ್ತ್ ಒಗೀರಿ. ಬೆಂಗಳೂರ ಎಸ್‌ಪಿ ರೋಡಿನಾಗ ಕಂಪ್ಯೂಟರ್ ಎಸ್‌ಎಂಪಿಎಸ್ ಸಸ್ತಾ ಸಿಗ್ತಾವ, ಅದರಾಗೂ 5 ವೋಲ್ಟ್ ಐತಿ.

ರೇಖಾ: ಅವರಿರೋದು ಸ್ಯಾನ್ ಹೋಸೆಯಲ್ಲಿ, ಎಸ್‌ಪಿ ರೋಡಿಗೆ ಆಟೋ ಹಿಡಿದು ಬರಬೇಕಾ? ಎಆರ್‌ನಲ್ಲಿ ಆಡಿಯೊ ಆಂಪ್ಲಿಫೈಯರೂ ಇದೆ. ಕಿತ್ತರೆ ಸೌಂಡ್ ಎಲ್ಲಿಂದ? ಹೊಸ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ ಮೈನಸ್ 5 ವೋಲ್ಟ್ ಬರಲ್ಲ, 5 ಹೊಂದಿಸೋ ಪ್ರಿಸೆಟ್ಟೂ ಇರಲ್ಲ.

ಬಸವರಾಜ: ಮೈನಸ್ 5 ಯಾರಿಗೆ ಬೇಕ್ರೀ? ನಮ್ಮ ಬೋರ್ಡ್ ಅದಿಲ್ಲದ ಓಡತೈತಿ.

ರೇಖಾ: ನಿಮ್ಮದು ಓಡಲಿ. 4116 ರ್‍ಯಾಮ್ (ಹಳೇ ಮೆಮೊರಿ ಚಿಪ್) ಇರೋ ಬೋರ್ಡ್‌ಗೆ 12 ಕೊಟ್ಟು ಮೈನಸ್ 5 ಬಿಟ್ಟರೆ ಚಿಪ್‌ಗಳೇ ಹೋಗುತ್ತವೆ.

ಬಸವರಾಜ: ಅಕ್ಕಾರ, ನೀವು ಎಷ್ಟ್ ಮಷೀನ್ ರಿಪೇರಿ ಮಾಡೀರಿ?

ರೇಖಾ: ನಿಮ್ಮ ಸಲಹೆ ಕೇಳಿ ಹಾಳಾದಷ್ಟು ಇಲ್ಲ ಬಿಡಿ.

ಮಂಜುನಾಥ್: ಜಗಳ ಬೇರೆ ಕಡೆ ಆಡಿ. 4116 ಬಗ್ಗೆ ರೇಖಾ ಹೇಳಿದ್ದು ಸರಿ.

ಪ್ರಸನ್ನ: ಅಳೆದೆ. ಪ್ಲಸ್ 0.19, ಗ್ರೌಂಡ್ 0.58. ಕನೆಕ್ಟರ್‌ನಲ್ಲಿ ಗ್ರೌಂಡ್ ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಕಂದಾಗಿದೆ.

ಮಂಜುನಾಥ್: ಸಿಕ್ಕಿತಲ್ಲ. 4 ಆಂಪಿಯರ್ ಅಂದುಕೊಂಡರೂ ಗ್ರೌಂಡ್ ದಾರಿಯಲ್ಲೇ 2.3 ವ್ಯಾಟ್ ಶಾಖ. ಕಾದಷ್ಟೂ ಪಿನ್ನಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತೆ, ಸಡಿಲವಾದಷ್ಟೂ ಇನ್ನೂ ಕಾಯುತ್ತೆ. ಗ್ರೌಂಡ್, +5 ಎರಡರ ಪಿನ್‌ಗಳನ್ನೂ ಹೊಸದಾಗಿ ಕ್ರಿಂಪ್ ಮಾಡಿ (ವೈರಿಗೆ ಒತ್ತಿ ಕಚ್ಚಿಸಿ); ಹಳೇ ಪಿನ್ನಿಗೆ ಸೋಲ್ಡರ್ ಸುರಿಯಬೇಡಿ. ಪ್ಲಾಸ್ಟಿಕ್ ಕಂದಾಗಿದೆ ಅಂದಮೇಲೆ ಹೌಸಿಂಗ್ ಕೂಡ ಹೊಸದಿರಲಿ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ. ಕೊನೆಗೆ ಪ್ರೋಬ್ ಗೇಮ್ ಬೋರ್ಡ್ ಮೇಲಿಟ್ಟು 5.05ಕ್ಕೆ ಹೊಂದಿಸಿ. ಆಗ ಎಆರ್‌ನಲ್ಲಿ 5.25 ದಾಟಬಾರದು.

ನಾಗೇಶ್: ಹಾಗಾದರೆ 5.5 ಬೇಡ ಅಂತೀರಾ?

ಮಂಜುನಾಥ್: ಮೇಲೆ ಓದಿ.

ಇಕ್ಬಾಲ್: ನನ್ನ ಕನೆಕ್ಟರ್ ಪ್ರಶ್ನೆ?

ಗಿರೀಶ್: ಸರ್, ನಮ್ಮ ಕ್ಯಾಬಿನೆಟ್ ಅಮೆರಿಕದಿಂದ ಬಂದದ್ದು. ಎಸ್‌ಎಂಪಿಎಸ್‌ನ ಕೆಂಪು ಸ್ವಿಚ್ 115ರಲ್ಲಿದೆ. 230ಕ್ಕೆ ತಳ್ಳಿ ಇಲ್ಲೇ ಗೋಡೆಗೆ ಹಾಕಬಹುದಲ್ವಾ?

ಮಂಜುನಾಥ್: ಬೇಡ. ಎಸ್‌ಎಂಪಿಎಸ್ ಉಳಿಯುತ್ತೆ, 115ರ ಮಾನಿಟರ್ ಹೋಗುತ್ತೆ. ಇಡೀ ಕ್ಯಾಬಿನೆಟ್‌ಗೆ 230 ಅನ್ನು 115ಕ್ಕೆ ಇಳಿಸೋ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ, ಲೇಬಲ್‌ನಲ್ಲಿರೋ ವ್ಯಾಟ್‌ನ ಒಂದೂವರೆ ಪಟ್ಟಿನದ್ದು. ಕೆಂಪು ಸ್ವಿಚ್ 115ರಲ್ಲೇ ಇರಲಿ. ಒಳಗಿನ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಕಿತ್ತು ಹಾಕಬೇಡಿ, ಬಹಳಷ್ಟು ಮಾನಿಟರ್‌ಗಳ ಚಾಸಿ ಅದಿಲ್ಲದಿದ್ದರೆ ಶಾಕ್ ಹೊಡೆಯುತ್ತೆ.

ಬಸವರಾಜ: ಸ್ಟೆಪ್-ಡೌನ್ ರೊಕ್ಕ ದಂಡ ರೀ.