ಶುಗರ್ ಕ್ಲಾಸಿಗೆ ಹೊಲದ ಕೆಲಸಗಾರರು ಬರುತ್ತಿಲ್ಲ, ಏನು ಮಾಡಲಿ?

ಬೆಂಗಳೂರಿನಲ್ಲಿ ಡಯಟಿಷಿಯನ್ ಆಗಿದ್ದೆ. ಈಗ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿದ್ದೇನೆ. ಇಲ್ಲಿ ಲೆಟಿಸ್, ಸ್ಟ್ರಾಬೆರಿ ಕೊಯ್ಯುವವರು ಬಹುತೇಕ ಮೆಕ್ಸಿಕೋದವರು. ಅವರಿಗೆಂದು ಒಂದು ಕ್ಲಿನಿಕ್ಕಿನಲ್ಲಿ ಅಕ್ಟೋಬರ್ ಕೊನೆಗೆ ಶುಗರ್ ಕ್ಲಾಸ್ ಶುರು ಮಾಡಿದೆ. ಮೊದಲ ವಾರ 18 ಜನ, ಮೂರನೇ ವಾರ 4. ಸ್ಪ್ಯಾನಿಷ್ ಕಲಿತಿದ್ದೇನೆ. ಟೋರ್ಟಿಯಾ (ಅವರ ರೊಟ್ಟಿ) ಬಿಡಿ ಅಂತಲೂ ಹೇಳಿಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಫ್ರೆಸ್ನೋ ಕಡೆಯ ನರ್ಸ್:
ಕ್ಲಾಸು ಎಷ್ಟು ಗಂಟೆಗೆ ಮೇಡಂ? ಅದನ್ನೇ ಬರೆದಿಲ್ಲ ನೀವು. ನಾವೂ ಮೊದಲು ಮಧ್ಯಾಹ್ನ ಮೂರಕ್ಕೆ ಇಟ್ಟು ಖಾಲಿ ಕುರ್ಚಿ ನೋಡುತ್ತಾ ಕೂತವರೇ. ಆಮೇಲೆ ಭಾನುವಾರ ಬಟ್ಟೆ ಒಗೆಯೋ ಅಂಗಡಿಗೆ ಹೋದೆವು. ಮೆಷಿನ್ ನಿಲ್ಲೋವರೆಗೂ ಎಲ್ಲರೂ ಅಲ್ಲೇ ಸುಮ್ನೆ ಕೂತಿರುತ್ತಾರೆ. ಬೆರಳು ಚುಚ್ಚಿಸಿಕೊಳ್ಳಲು ಅವರೇ ಕೈ ಚಾಚಿದರು.

ಇನ್ನೊಂದು, ಪ್ರೊಮೊತೋರಾ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಅದೇ ಕೇರಿಯ ಹೆಂಗಸು, ತರಬೇತಿ ಪಡೆದವಳು. ನಮ್ಮ ಆಶಾ ಕಾರ್ಯಕರ್ತೆ ಇದ್ದ ಹಾಗೆ. 2022ರ ಜುಲೈನಿಂದ ಈ ಥರದ ಸೇವೆಗೆ ಮೆಡಿ-ಕ್ಯಾಲ್, ಅಂದರೆ ಕಡಿಮೆ ಆದಾಯದವರಿಗಿರುವ ಕ್ಯಾಲಿಫೋರ್ನಿಯಾದ ಸರ್ಕಾರಿ ಆರೋಗ್ಯ ವಿಮೆ, ದುಡ್ಡು ಕೊಡುತ್ತದೆ, ಕ್ಲಿನಿಕ್ಕಿನವರನ್ನು ಕೇಳಿ.

ನನಗೆ ಪಾಠ ಕಲಿಸಿದ್ದೂ ಒಬ್ಬ ಪ್ರೊಮೊತೋರಾನೇ. ದ್ರಾಕ್ಷಿ ಕೊಯ್ಯೋ ಒಬ್ಬಾತನ ಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 10 ದಾಟಿತ್ತು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊಟ್ಟಿದ್ದೆವು. ಆಸಾಮಿ ತಗೊಳ್ಳುತ್ತಲೇ ಇಲ್ಲ, ಸೋಮಾರಿ ಅಂದುಕೊಂಡೆ. ಆಕೆ ಕೇಳಿದ್ದು ಒಂದೇ ಮಾತು: "ಟಾಯ್ಲೆಟ್ ಎಷ್ಟು ದೂರ?" ಕಾನೂನಿನ ಪ್ರಕಾರ ಐದು ನಿಮಿಷದ ನಡಿಗೆಯೊಳಗೆ ಇರಬೇಕು, ಇತ್ತು ಕೂಡ. ಆದರೆ ಕೂಲಿ ಪೆಟ್ಟಿಗೆ ಲೆಕ್ಕ. ಮಾತ್ರೆ ತಗೊಂಡರೆ ಹೊಟ್ಟೆ ಕೆಡುತ್ತದೆ, ನಾಲ್ಕು ಸಲ ಓಡಿದರೆ ಅಷ್ಟು ಪೆಟ್ಟಿಗೆ ಹೋಯ್ತು. ಅದಕ್ಕೇ ಭಾನುವಾರ ಮಾತ್ರ ನುಂಗುತ್ತಿದ್ದ! ಡಾಕ್ಟರು ನಿಧಾನವಾಗಿ ಕರಗುವ ಮಾತ್ರೆ ಬರೆದು ರಾತ್ರಿ ಊಟದ ಜೊತೆಗೆ ತಗೋ ಅಂದರು. ಈಗ ತಪ್ಪಿಸುವುದಿಲ್ಲ.

ಒಬ್ಬ ಫಾರ್ಮಸಿಸ್ಟ್:
ಇನ್ಸುಲಿನ್ ವಿಷಯ ಹೇಳಿಬಿಡುತ್ತೇನೆ. ಬಳಸುತ್ತಿರೋ ಪೆನ್ನು 30 ಡಿಗ್ರಿ ಒಳಗಿರಬೇಕು. ಫ್ರೆಸ್ನೋ ಹೊಲದಲ್ಲಿ ಬೇಸಿಗೆಗೆ 40 ಸಾಮಾನ್ಯ. ಪಾಪ, ಜನ ಅದನ್ನು ಊಟದ ಪೆಟ್ಟಿಗೆಯ ಐಸಿನೊಳಗೇ ಹುದುಗಿಸುತ್ತಾರೆ. ಹೆಪ್ಪುಗಟ್ಟಿದರೆ ಅದು ಕಸಕ್ಕೇ. ಟವೆಲ್ಲಿನಲ್ಲಿ ಸುತ್ತಿ ಐಸಿಗೆ ತಾಗದಂತೆ ಇಡಲು ಹೇಳಿ. ಮನೆಯಲ್ಲಿ ಫ್ರಿಜ್ಜಿನಲ್ಲಿ ಜಾಗವಿಲ್ಲದವರಿಗೆ ನಮ್ಮ ಒದ್ದೆ ಮಣ್ಣಿನ ಮಡಕೆಯ ಉಪಾಯವೂ ನಡೆಯುತ್ತದೆ.

ಮತ್ತೆ, "ಇನ್ಸುಲಿನ್ ತಗೊಂಡ್ರೆ ಕಣ್ಣು ಹೋಗುತ್ತೆ" ಅನ್ನುತ್ತಾರೆ. ಮಾವನಿಗೋ ಅಜ್ಜಿಗೋ ಕಾಯಿಲೆ ತೀರಾ ಮುಂದುವರಿದ ಮೇಲೆ ಶುರು ಮಾಡಿದ್ದನ್ನು ನೋಡಿರುತ್ತಾರೆ, ಅಷ್ಟೇ. "ಸುಸ್ತೋ"ದಿಂದ, ಅಂದರೆ ಬೆಚ್ಚಿಬಿದ್ದಿದ್ದರಿಂದ, ಶುಗರ್ ಬಂತು ಅಂದರೂ ನಗಬೇಡಿ. ನಮ್ಮಲ್ಲೂ ಹೆದರಿ ಜ್ವರ ಬಂತು ಅಂತಾರಲ್ವಾ? ಏನಾಗಿತ್ತು ಅಂತ ಕೇಳಿ. ಅಲ್ಲಿಂದಲೇ ಮಾತು ಶುರುವಾಗುತ್ತದೆ.

ಅರಿಜೋನಾದ ಯೂಮಾದಿಂದ:
ನಿಮ್ಮ 14 ಜನ ಇಲ್ಲಿಗೆ ಬಂದಿರಬಹುದು ನೋಡಿ! ನವೆಂಬರ್ ಬಂತೆಂದರೆ ಲೆಟಿಸ್ ಕೆಲಸ ಸಲಿನಾಸ್‌ನಿಂದ ಯೂಮಾಕ್ಕೆ ಬರುತ್ತದೆ, ಜನವೂ ಹಿಂದೆಯೇ. ಮತ್ತೆ ವಾಪಸ್ ಹೋಗೋದು ಚಳಿಗಾಲ ಕಳೆದ ಮೇಲೆ. ಮೊದಲ ದಿನವೇ ಎ1ಸಿ ಮತ್ತು ಮಾತ್ರೆಗಳ ಪಟ್ಟಿಯ ಫೋಟೋ ಅವರ ಫೋನಿನಲ್ಲೇ ತೆಗೆಸಿ. ಹೀಗೆ ಊರು ಬದಲಿಸುವ ರೋಗಿಗಳನ್ನು ಮುಂದಿನ ಊರಿನ ಕ್ಲಿನಿಕ್ಕಿಗೆ ಜೋಡಿಸಲು ಮೈಗ್ರೆಂಟ್ ಕ್ಲಿನಿಶಿಯನ್ಸ್ ನೆಟ್‌ವರ್ಕ್‌ನವರ ಹೆಲ್ತ್ ನೆಟ್‌ವರ್ಕ್ ಇದೆ. ಹೊರಡೋ ಮೊದಲೇ ಹೆಸರು ಸೇರಿಸಿ.

ಮತ್ತೊಬ್ಬರು:
ನಿಮ್ಮ ಸ್ಪ್ಯಾನಿಷ್ ಚೆನ್ನಾಗಿರಬಹುದು. ಅವರದ್ದು? ಮೆಕ್ಸಿಕೋದ ಒಹಾಕಾ ಕಡೆಯಿಂದ ಬಂದ ಹಲವರ ಮನೆಮಾತು ಮಿಸ್ತೆಕೊ, ತ್ರಿಕಿ. ಸ್ಪ್ಯಾನಿಷ್ ಅಷ್ಟಕ್ಕಷ್ಟೇ.

ಕೇಳಿದವರು:
ಕ್ಲಾಸು ನಾಲ್ಕು ಗಂಟೆಗೆ. ಬಯ್ಯಬೇಡಿ, ಬದಲಾಯಿಸುತ್ತೇನೆ. ಯೂಮಾ ವಿಷಯ ಗೊತ್ತೇ ಇರಲಿಲ್ಲ. ಭಾಷೆ ವಿಷಯವಂತೂ ಹೊಳೆದೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ನಾನು ಏನು ಹೇಳಿದರೂ "ಸೀ, ಸೀ" (ಹೌದು, ಹೌದು) ಅಂತ ತಲೆಯಾಡಿಸುತ್ತಿದ್ದರು. ಎಲ್ಲ ಅರ್ಥವಾಗುತ್ತಿದೆ ಅಂದುಕೊಂಡು ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ.