ರೈನೋದಲ್ಲಿ ಸೆಲೆಕ್ಟ್ ಮಾಡಿದ್ದು ಗ್ರಾಸ್‌ಹಾಪರ್‌ಗೆ ಯಾಕೆ ಗೊತ್ತಾಗಲ್ಲ? ನಿಮ್ಮ ಅನುಭವ ಹೇಳಿ

ಗದಗದಿಂದ ಪ್ರಶ್ನೆ:

ನಮಸ್ಕಾರ ರೀ. ದೇವರಮನೆ ಬಾಗಿಲಿನ ಜಾಲಿಗೆ ಕಸೂತಿ ಗೋಪುರದ ಡಿಸೈನ್ ಮಾಡ್ತಿದ್ದೇನೆ. ಒಂದು ವಿಂಡೋದಲ್ಲಿ ಗೆರೆ ಎಳೆಯುವ ಡಿಸೈನ್ ಸಾಫ್ಟ್‌ವೇರ್ ರೈನೋ, ಪಕ್ಕದಲ್ಲಿ ಡಬ್ಬಿಗಳನ್ನು ಜೋಡಿಸಿ ಆಕಾರ ಮಾಡುವ ಅದರ ಜೊತೆಗಾರ ಗ್ರಾಸ್‌ಹಾಪರ್. ರೈನೋದಲ್ಲಿ 40 ಗೆರೆ ಸೆಲೆಕ್ಟ್ ಮಾಡಿಟ್ಟರೂ ಗ್ರಾಸ್‌ಹಾಪರ್‌ಗೆ ಅದರ ಸುಳಿವೇ ಇಲ್ಲ. ಹೇಗೋ ಸೇರಿಸಿದೆ. ಮನೆಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಡಬ್ಬಿಗಳೆಲ್ಲ ಕಿತ್ತಳೆ ಬಣ್ಣ, ಡಿಸೈನ್ ಮಾಯ! ಬಾರ್ಡರ್‌ಗೆ ಇನ್ನೊಂದು ಗ್ರಾಸ್‌ಹಾಪರ್ ಫೈಲ್ ಬೇರೆ ಇದೆ. ಇಷ್ಟು ವಿಂಡೋಗಳ ನಡುವೆ ಸೆಲೆಕ್ಟ್ ಮಾಡಿದ್ದನ್ನು ನೀವೆಲ್ಲ ಹೇಗೆ ಸಂಭಾಳಿಸುತ್ತೀರಿ?

ಹುಬ್ಬಳ್ಳಿಯಿಂದ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ಕಟಿಂಗ್ ಕೆಲಸದವರು:

ಅಕ್ಕಾವ್ರೆ, 2018ರಲ್ಲಿ ಬಂದ ರೈನೋ 6ರಿಂದ ಗ್ರಾಸ್‌ಹಾಪರ್ ಅದರ ಒಳಗೇ ಬರುತ್ತದೆ. ಹಾಗಾಗಿ ಎರಡೂ ಒಂದೇ ಅಂತ ಅನ್ನಿಸುತ್ತದೆ. ಆದರೆ ಸೆಲೆಕ್ಷನ್ ಮಾತ್ರ ಎರಡೂ ಕಡೆ ಬೇರೆ ಬೇರೆ. ರೈನೋದಲ್ಲಿ ಸೆಲೆಕ್ಟ್ ಮಾಡಿದ ಗೆರೆ ಹಳದಿಯಾಗುತ್ತದೆ. ಗ್ರಾಸ್‌ಹಾಪರ್‌ನಲ್ಲಿ ಒಂದು ಡಬ್ಬಿ ಕ್ಲಿಕ್ ಮಾಡಿದರೆ ಆ ಡಬ್ಬಿಯಿಂದ ಬಂದ ಆಕಾರ ರೈನೋ ಪರದೆಯಲ್ಲಿ ಕೆಂಪಿನಿಂದ ಹಸಿರಾಗುತ್ತದೆ. ಹಳದಿ ರೈನೋದ ಸೆಲೆಕ್ಷನ್, ಹಸಿರು ಗ್ರಾಸ್‌ಹಾಪರ್‌ದು. ಇಷ್ಟು ನೆನಪಿದ್ದರೆ ಅರ್ಧ ಗೊಂದಲ ಹೋಯಿತು.

ಗೆರೆ ಒಳಗೆ ತರಬೇಕಾದರೆ ಕರ್ವ್ ಡಬ್ಬಿ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಮಲ್ಟಿಪಲ್ ಕರ್ವ್ಸ್' ಒತ್ತಿ. ಗೆರೆಗಳನ್ನು ಆರಿಸಿ ಎಂಟರ್ ಹೊಡೆಯಿರಿ. ಆಗಲೂ ಗೆರೆ ಒಳಗೆ ಬರುವುದಿಲ್ಲ. ಅದರ ಗುರುತಿನ ಸಂಖ್ಯೆ ಮಾತ್ರ ಬರುತ್ತದೆ, ಗೆರೆ ಇರುವುದು ರೈನೋ ಫೈಲ್‌ನಲ್ಲೇ. ನೀವು ಮನೆಗೆ ಒಯ್ದಿದ್ದು ಬರೀ ಗ್ರಾಸ್‌ಹಾಪರ್ ಫೈಲ್ ಇರಬೇಕು, ಅಲ್ವಾ? ಎರಡೂ ಫೈಲ್ ಜೊತೆಗೇ ಒಯ್ಯಿರಿ, ಮೊದಲು ರೈನೋ ಫೈಲ್ ತೆರೆಯಿರಿ.

ಒಂದೇ ಫೈಲ್ ಸಾಕು ಅಂದರೆ ಅದೇ ರೈಟ್ ಕ್ಲಿಕ್‌ನಲ್ಲಿ 'ಇಂಟರ್ನಲೈಸ್ ಡೇಟಾ' ಇದೆ. ಗೆರೆಯೇ ಒಳಗೆ ಬಂದು ಕೂರುತ್ತದೆ, ರೈನೋ ಜೊತೆಗಿನ ಕೊಂಡಿ ಕಳಚುತ್ತದೆ. ಇಲ್ಲೇ ನನಗೆ ಪೆಟ್ಟು ಬಿತ್ತು. ಒಬ್ಬರ ಬಾಗಿಲಿಗೆ ಇಂಟರ್ನಲೈಸ್ ಮಾಡಿಟ್ಟಿದ್ದೆ. ಆಮೇಲೆ ಮನೆಯವರು ಬಂದು "ಕಳಸ ಸ್ವಲ್ಪ ಮ್ಯಾಲೆ ಬರ್ಲಿ" ಅಂದರು. ರೈನೋದಲ್ಲಿ ಎತ್ತಿದೆ. ಕೆಂಪು ಆಕಾರ ಹಳೆ ಜಾಗದಲ್ಲೇ ನಿಂತಿತ್ತು. ನಾನು ಜೂಮ್ ಮಾಡಿಕೊಂಡು ಕೆಳಗಿನ ಮೂಲೆ ನೋಡುತ್ತಿದ್ದೆ, ಗಮನಿಸಲಿಲ್ಲ. ಮಷೀನ್ ನಿಂತ ಮೇಲೆ ಹೊಟ್ಟು ಒರೆಸಿ ನೋಡಿದರೆ ತೇಗದ ಹಲಗೆ ಮೇಲೆ ಹಳೆ ಕಳಸ. ಹಲಗೆ ಹೋಯಿತು. ಅದಕ್ಕಿಂತ ಜಾಸ್ತಿ, ಅವರ ಮುಹೂರ್ತಕ್ಕೆ ಬಾಗಿಲು ಕೊಡಲು ಆಗಲಿಲ್ಲ, ಅದು ಇನ್ನೂ ಚುಚ್ಚುತ್ತದೆ. ಈಗ ಕೆಲಸ ಮುಗಿಯುವವರೆಗೆ ಕೊಂಡಿ ಹಾಗೇ ಇರುತ್ತದೆ. ಬೇರೆ ಕಡೆ ಒಯ್ಯುವಾಗ ಸೇವ್ ಆ್ಯಸ್ ಕೊಟ್ಟು, ಆ ಪ್ರತಿಯಲ್ಲಿ ಮಾತ್ರ ಇಂಟರ್ನಲೈಸ್.

ಬಾರ್ಡರ್ ಫೈಲ್ ಬಗ್ಗೆ: ಎರಡನ್ನೂ ತೆರೆದು, ಬೇಕಾದ ಡಬ್ಬಿಗಳನ್ನು ಕಂಟ್ರೋಲ್ ಸಿ, ಕಂಟ್ರೋಲ್ ವಿ ಮಾಡಿ. ಅದೇ ರೈನೋ ಫೈಲ್ ತೆರೆದಿದ್ದರೆ ಕೊಂಡಿಯೂ ಜೊತೆಗೇ ಬರುತ್ತದೆ.

ಧಾರವಾಡದಿಂದ, ಆರ್ಕಿಟೆಕ್ಚರ್ ಕಲಿಸುವವರು:

ಅಣ್ಣಾವ್ರು ಹೇಳಿದ್ದು ಸರಿ. ಆದರೆ 40 ಗೆರೆಯನ್ನು ಮತ್ತೆ ಮತ್ತೆ ಯಾಕೆ ಆರಿಸಬೇಕು? 'ಜಿಯಾಮೆಟ್ರಿ ಪೈಪ್‌ಲೈನ್' ಅಂತ ಒಂದು ಡಬ್ಬಿ ಇದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ರೈನೋದ ಲೇಯರ್ (ಗೆರೆಗಳನ್ನು ಗುಂಪು ಮಾಡಿಡುವ ಪದರ) ಹೆಸರು ಬರೆದರೆ ಆ ಲೇಯರ್‌ನಲ್ಲಿ ಇದ್ದದ್ದೆಲ್ಲ ತಾನಾಗಿ ಬರುತ್ತದೆ. ಹೊಸ ಗೆರೆ ಎಳೆದರೆ ಅದೂ ಬರುತ್ತದೆ, ಅಳಿಸಿದರೆ ಹೋಗುತ್ತದೆ. ನಿಮ್ಮದು ಕಸೂತಿ ಅಂದಿರಲ್ಲ, ನೇರ ಗೆರೆಗಳಿಗೆ 'ಗವಂತಿ', ಮೆಟ್ಟಿಲು ಮೆಟ್ಟಿಲಾಗಿ ಹೋಗುವುದಕ್ಕೆ 'ಮುರ್ಗಿ' ಅಂತ ಎರಡು ಲೇಯರ್ ಮಾಡಿ. ಹೊಲಿಗೆ ಹಾಕುವವರು ಪಕ್ಕದಲ್ಲಿ ಕೂತು ನೋಡಿದರೂ ಅರ್ಥ ಆಗುತ್ತದೆ.

ಒಂದು ಎಚ್ಚರಿಕೆ. ಬೇಕ್ ಮಾಡಿದ್ದನ್ನು, ಅಂದರೆ ಗ್ರಾಸ್‌ಹಾಪರ್‌ನ ಆಕಾರವನ್ನು ರೈನೋದಲ್ಲಿ ನಿಜವಾದ ಗೆರೆಯಾಗಿ ಇಳಿಸಿದ್ದನ್ನು, ಅದೇ ಲೇಯರ್‌ಗೆ ಹಾಕಬೇಡಿ. ಹಾಕಿದರೆ ಬೇಕ್ ಆದದ್ದು ಪೈಪ್‌ಲೈನ್‌ನೊಳಗೆ ಮತ್ತೆ ಹೋಗುತ್ತದೆ. ನಮ್ಮ ಹುಡುಗರು ಹೀಗೆ ಮಾಡಿ ಡಿಸೈನ್ ಮೇಲೆ ಡಿಸೈನ್ ಬೆಳೆದು ಕಂಪ್ಯೂಟರೇ ನಿಂತುಹೋಗಿತ್ತು. 'ಕಟಿಂಗ್' ಅಂತ ಬೇರೆ ಲೇಯರ್ ಇರಲಿ. ಮತ್ತೆ, ಗೆರೆಗಳ ಕ್ರಮ ಮುಖ್ಯ ಇದ್ದರೆ ಪೈಪ್‌ಲೈನ್ ನಂಬಬೇಡಿ. ಆಗ ಸೆಟ್ ಮಲ್ಟಿಪಲ್ ತೆಗೆದುಕೊಂಡು ಒಂದೊಂದಾಗಿ ಕ್ಲಿಕ್ ಮಾಡುವುದೇ ಒಳ್ಳೆಯದು.

ಹಾವೇರಿಯಿಂದ, ಬಾಗಿಲು ಮಾಡುವವರು:

ನಂದು ಒಂದೇ ಮಾತು. ಕಟಿಂಗ್‌ಗೆ ಕಳಿಸುವ ಮೊದಲು ಬೇರೆ ಲೇಯರ್ ಎಲ್ಲ ಆಫ್ ಮಾಡಿ, ರೈನೋದಲ್ಲಿ 'ಸೆಲ್‌ಡಪ್' ಅಂತ ಟೈಪ್ ಮಾಡಿ. ಎರಡು ಸಲ ಬೇಕ್ ಆಗಿದ್ದರೆ ಗೆರೆ ಮೇಲೆ ಗೆರೆ ಕೂತಿರುತ್ತದೆ, ಕಣ್ಣಿಗೆ ಕಾಣಲ್ಲ. ಮಷೀನ್‌ನ ಕೊರೆಯುವ ಬಿಟ್ ಅದೇ ಗೆರೆಯಲ್ಲಿ ಎರಡು ಸಲ ಓಡಿ ಅಂಚು ಸುಡುತ್ತದೆ. ಸೆಲ್‌ಡಪ್ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ಹಳದಿ ಮಾಡುತ್ತದೆ, ಡಿಲೀಟ್ ಹೊಡೆಯಿರಿ.

ಮತ್ತೆ ಗದಗದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಹೌದು, ಮನೆಗೆ ಗ್ರಾಸ್‌ಹಾಪರ್ ಫೈಲ್ ಒಂದನ್ನೇ ಒಯ್ದಿದ್ದೆ. ನಿನ್ನೆ ರಾತ್ರಿ ಲೇಯರ್ ಮಾಡಿ ಪೈಪ್‌ಲೈನ್ ಹಾಕಿದೆ. 40 ಗೆರೆ ಬರಬೇಕಿತ್ತು, ಎಣಿಕೆ ಹೇಳುವ 'ಲಿಸ್ಟ್ ಲೆಂತ್' ಡಬ್ಬಿ 43 ತೋರಿಸಿತು. ಎಣಿಸಿ ಎಣಿಸಿ ಸಾಕಾಯಿತು. ಹಾವೇರಿಯವರ ಮಾತು ನೆನಪಾಗಿ ಸೆಲ್‌ಡಪ್ ಹೊಡೆದೆ. ಗೋಪುರದ ಬುಡದಲ್ಲಿ ಮೂರು ಗೆರೆ ಹಳದಿಯಾದವು.