ಇಬ್ಬರೂ ಹಂಚಿಕೊಂಡು ಕೇಳುತ್ತಿದ್ದ ಹಾಡುಗಳನ್ನು ಈಗ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಊರು ಗದಗ. ಪುಣೆಯ ಹಿಂಜವಡಿಯಲ್ಲಿ ಕೆಲಸ, ಅಲ್ಲೇ ಕೋಥರೂಡಿನಲ್ಲಿ ವಾಸ. ಮೂರು ವರ್ಷ ಜೊತೆಗಿದ್ದವನು ದೂರವಾಗಿ ಎರಡು ತಿಂಗಳಾಯಿತು. ಬಸ್ಸಿನಲ್ಲಿ ಒಂದೇ ಇಯರ್‌ಫೋನ್ ಹಂಚಿಕೊಳ್ಳುತ್ತಿದ್ದೆವು. ಎಡಗಡೆಯದು ನನಗೆ, ಬಲಗಡೆಯದು ಅವನಿಗೆ. ಈಗಲೂ ಬಲಗಡೆಯದು ನನ್ನ ಮಡಿಲಲ್ಲೇ ಬಿದ್ದಿರುತ್ತದೆ. ಅವೇ ಹತ್ತು ಹನ್ನೆರಡು ಹಾಡುಗಳನ್ನು ರಾತ್ರಿ ಎರಡರವರೆಗೆ ಕೇಳಿ ಅಳುತ್ತೇನೆ. ಎಲ್ಲವನ್ನೂ ಅಳಿಸಿ ಕುಣಿಯುವ ಹಾಡು ಹಾಕಿಕೋ ಎನ್ನುತ್ತಾರೆ ಗೆಳತಿಯರು. ಹಾಕಿದರೆ ಮೈ ಉರಿಯುತ್ತದೆ.

ಉತ್ತರ (ಆಪ್ತಸಮಾಲೋಚಕಿ, ಸಂಗೀತ ಚಿಕಿತ್ಸೆ): ಮೈ ಉರಿಯುವುದು ಸಹಜವಮ್ಮ. ದುಃಖದಲ್ಲಿರುವ ಮನಸ್ಸು ಕುಣಿತದ ಹಾಡಿಗೆ ಒಮ್ಮೆಗೇ ಹಾರಲಾರದು. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ ವಿವರಿಸಿದ ‘ಐಸೋ ತತ್ತ್ವ’ವನ್ನು ನಾವು ಇಂದಿಗೂ ಬಳಸುತ್ತೇವೆ: ಮನಸ್ಸು ಎಲ್ಲಿದೆಯೋ ಅಲ್ಲಿಂದಲೇ ಸಂಗೀತ ಆರಂಭಿಸಿ, ನಿಧಾನವಾಗಿ ಮುಂದಕ್ಕೆ ಕರೆದೊಯ್ಯುವುದು. ಐದಾರು ಹಾಡುಗಳನ್ನು ಆರಿಸಿಕೊಳ್ಳಿ. ಮೊದಲನೆಯದು ಅಳು ತರಿಸುವಂಥದ್ದೇ ಇರಲಿ, ಆದರೆ ನಿಮ್ಮಿಬ್ಬರದಲ್ಲ. ಮುಂದಿನವು ಸ್ವಲ್ಪ ಸ್ವಲ್ಪವೇ ಹಗುರಾಗಲಿ. ಕೊನೆಯದು ಮುಗಿದೊಡನೆ ಮೊಬೈಲ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಆ್ಯಪ್ ತಾನಾಗಿಯೇ ಮತ್ತೆ ಹಳೆಯ ಹಾಡುಗಳನ್ನೇ ತಂದು ಸುರಿಯುತ್ತದೆ. ನಿಮ್ಮಿಬ್ಬರ ಹಾಡುಗಳನ್ನು ಅಳಿಸಬೇಡಿ, ಬೇರೆ ಪಟ್ಟಿಗೆ ಸರಿಸಿಡಿ. ಮತ್ತೆ ನಾಳೆ ಬಸ್ಸಿನಲ್ಲಿ ಬಲಗಡೆಯದನ್ನೂ ಕಿವಿಗೆ ಹಾಕಿಕೊಳ್ಳಿ. ಮೊದಲ ದಿನ ಕಷ್ಟವಾಗುತ್ತದೆ.

ಗುಂಪಿನ ಇನ್ನೊಬ್ಬ ಸದಸ್ಯರು: ವಿರಹಕ್ಕೆ ಇಂಥದೇ ರಾಗ ಎಂಬ ಪಟ್ಟಿಯೊಂದು ನನಗೆ ಬಂದಿದೆ. ಕಳುಹಿಸಲೇ?

ಉತ್ತರ: ದಯವಿಟ್ಟು ಬೇಡ. ಈ ರಾಗಕ್ಕೆ ಈ ನೋವು ವಾಸಿಯಾಗುತ್ತದೆ ಎಂದು ಮಾತ್ರೆಯಂತೆ ಬರೆದುಕೊಡಲು ಬರುವುದಿಲ್ಲ. ಅದಕ್ಕಿಂತ ಅವರು ತಾವೇ ಬಾಯಿಬಿಟ್ಟು ಹಾಡಲಿ, ಅಜ್ಜಿ ಹೇಳಿಕೊಟ್ಟ ದೇವರನಾಮವಾದರೂ ಸರಿ. ಸಾಲು ಎಳೆದು ಹಾಡುವಾಗ ಉಸಿರು ನಿಧಾನವಾಗಿ ಹೊರಬರುತ್ತದೆ, ಎದೆಬಡಿತವೂ ತಗ್ಗುತ್ತದೆ. ಅತ್ತ ಮೇಲೆ ಹಗುರಾದರೆ ಆ ಅಳು ಒಳ್ಳೆಯದು. ಅದೇ ಯೋಚನೆ ಗಾಣದಂತೆ ಸುತ್ತುತ್ತಿದ್ದು, ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಹಾಡನ್ನೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಅವನ ಜೊತೆಗೇ ಹೋಗಿದ್ದೆ. ಈ ಸಲ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ! ನಿಮ್ಮ ಗದಗಿನವರೇ ಆದ ಭೀಮಸೇನ ಜೋಶಿಯವರು ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಆರಂಭಿಸಿದ ಉತ್ಸವ ಅದು. ನಿಮಗೆ ಅವನಿಂದ ಬಂದದ್ದಲ್ಲ. ಧ್ವನಿಮುದ್ರಿಕೆ ಪ್ರತಿ ಸಲವೂ ಒಂದೇ ರೀತಿ ಹಾಡುತ್ತದೆ, ಅದೇ ಸಂಜೆಯನ್ನು ಮರಳಿ ತಂದಿಡುತ್ತದೆ. ವೇದಿಕೆಯ ಮೇಲಿನ ರಾಗ ಹಾಗಲ್ಲ, ಕಳೆದ ವರ್ಷ ಕೇಳಿದ್ದೇ ಆದರೂ ಈ ವರ್ಷ ಬೇರೆಯಾಗಿಯೇ ಅರಳುತ್ತದೆ. ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ, ಹೋದ ಸಲ ಕೂತಿದ್ದ ಕಡೆ ಕೂರಬೇಡಿ. ಗಂಟಲು ಉಬ್ಬಿ ಬಂದರೆ ಎದ್ದು ಹೋಗಿ ಒಂದು ಚಹಾ ಕುಡಿದು ಬನ್ನಿ.